ಒಂದು ಸೆಂಟ್ ಒತ್ತಿದ ಆಫ್ಕೆ

ಹಾರ್ಲಿಂಗೆನ್ ಬಂದರಿನಲ್ಲಿ ಆಫ್ಕೆಯನ್ನು ಅರಿಯದವರಿಲ್ಲ. ಯಾರಾದರೂ ಇದ್ದರೆ ಅವರು ನಿನ್ನೆ ಮೊನ್ನೆ ಊರಿಗೆ ಬಂದವರು. ಮೂವತ್ತು ವರ್ಷಗಳ ಹತ್ತಿರ ಅವಳು ನಮ್ಮ ಕಾಲುವೆಯ ಎತ್ತುಸೇತುವೆ ಕಾದವಳು. ದೋಣಿ ಬಂತೆಂದರೆ ಗಂಟೆ ಬಾರಿಸಿ, ರಸ್ತೆಗೆ ಅಡ್ಡಗಂಬ ಇಳಿಸಿ, ಸೇತುವೆಯನ್ನು ಮೇಲೆತ್ತುವಳು. ಆಮೇಲೆ ಗಾಳದ ಕೋಲಿನ ದಾರಕ್ಕೆ ಕಟ್ಟಿದ ಕಾಲಿಗೆ ಹಾಕುವಂಥ ಪುಟ್ಟ ಮರದ ಜೋಡನ್ನು ದೋಣಿಯವನ ಮೂಗಿನೆದುರು ತೂಗಿಬಿಡುವಳು. ಸುಂಕದ ನಾಣ್ಯ ಆ ಜೋಡಿನೊಳಗೆ ಬೀಳಬೇಕು. ಒಮ್ಮೆ ಒಬ್ಬ ವಿಹಾರನೌಕೆಯ ಸಾಹುಕಾರ ನಾಣ್ಯದ ಬದಲು ಕೋಟಿನ ಗುಂಡಿ ಹಾಕಿ ನಗುತ್ತ ಮುಂದೆ ಹೋದ. ಆಫ್ಕೆ ಸೈಕಲ್ ಹತ್ತಿ ಕಾಲುವೆಯ ದಡದಗುಂಟ ಹೋಗಿ ಮುಂದಿನ ಸೇತುವೆಯಲ್ಲಿ ಅವನನ್ನು ಹಿಡಿದಳು. ಸುಂಕ ವಸೂಲಿ ಮಾಡಿದಳು, ಗುಂಡಿಯನ್ನೂ ಅವನ ಕೈಗೆ ವಾಪಸು ಕೊಟ್ಟಳು. ಈ ಕಥೆಯನ್ನು ಊರಿನವರು ಈಗಲೂ ತಮ್ಮ ಕಣ್ಣಾರೆ ಕಂಡವರಂತೆ ಹೇಳುತ್ತಾರೆ.

ಕೆಲಸದಿಂದ ನಿವೃತ್ತಿಯಾದರೂ ಅವಳ ಗಂಟಲು ನಿವೃತ್ತಿಯಾಗಲಿಲ್ಲ. ಕಾಲುವೆಯ ಆಚೆ ದಡಕ್ಕೆ ಕೇಳುವಂತೆ ಕೂಗಿ ಕೂಗಿ ಪಳಗಿದ ಗಂಟಲದು. ಅದನ್ನು ತೆಗೆದುಕೊಂಡು ಹೋಗಿ ಅವಳು 'ಉಪ್ಪುಗಾಳಿ' ಮೇಳಕ್ಕೆ ಸೇರಿಕೊಂಡಳು. ಉಪ್ಪುಗಾಳಿ ಎಂದರೆ ಕಡಲಿನ ಹಾಡು ಹಾಡುವ ನಮ್ಮೂರ ಹೆಂಗಸರ ಮೇಳ. ಹಗ್ಗ ಎಳೆಯುವ ಹಾಡು, ಲಂಗರು ಎತ್ತುವ ಹಾಡು, ಗಂಡಸರು ಹಾಡುತ್ತಿದ್ದುದನ್ನೆಲ್ಲ ಇವರು ಅವರಿಗಿಂತ ಜೋರಾಗಿ ಹಾಡುತ್ತಾರೆ. ಬುಧವಾರ ಬೆಳಿಗ್ಗೆ ಹಳೆಯ ಮೀನು ಹರಾಜುಕಟ್ಟೆಯಲ್ಲಿ ಅಭ್ಯಾಸ. ನಡುವೆ ಕಾಫಿ, ಜೊತೆಗೊಂದು ತುಂಡು ಸಕ್ಕರೆ ರೊಟ್ಟಿ.

ಕಾಫಿಯ ಲೆಕ್ಕ ಹಿಸ್ಕೆಯದು. ಮೇಳದ ಖಜಾಂಚಿ ಅವಳು. ಕೈ ಎಷ್ಟು ಬಿಗಿಯೆಂದರೆ ಅವಳ ಮುಷ್ಟಿಯಿಂದ ಗಾಳಿಯೂ ಕೇಳಿಕೊಂಡೇ ಹೊರಗೆ ಬರಬೇಕು. ಕಾಫಿಯ ಲೋಟ ಕೆಳಗಿಡುವಷ್ಟರಲ್ಲಿ ಎಲ್ಲರ ಮೊಬೈಲಿಗೂ ದುಡ್ಡು ಕಟ್ಟುವ ಅವಳ ಲಿಂಕ್ ಬರುತ್ತಿತ್ತು: ಕಾಫಿ, ರೊಟ್ಟಿ, ಎಂಬತ್ತೈದು ಸೆಂಟ್. ಎಲ್ಲರೂ ಮಾತಾಡುತ್ತ ಮಾತಾಡುತ್ತಲೇ ಒತ್ತಿ ಕಳಿಸಿಬಿಡುವರು. ನಮ್ಮ ಕಡೆ ಒಬ್ಬರ ಕಾಫಿಯನ್ನು ಇನ್ನೊಬ್ಬರ ತಲೆಗೆ ಕಟ್ಟುವ ಪದ್ಧತಿಯಿಲ್ಲ. ಮೀನು ತಿಂದರೂ ಲಿಂಕ್, ಹುಟ್ಟುಹಬ್ಬಕ್ಕೆ ಹೂವು ಕೊಂಡರೂ ಲಿಂಕ್. ಒತ್ತುವ ಮೊದಲು ಓದಿ ನೋಡಿದರೆ ಕಳಿಸಿದವರನ್ನು ನಂಬಲಿಲ್ಲ ಎಂದಾಗುತ್ತದೆ, ಆದ್ದರಿಂದ ಯಾರೂ ಓದುವುದಿಲ್ಲ. ಮರ್ಯಾದಸ್ಥರು ನೋಡಿ ನಾವು, ಅದಕ್ಕೇ ಹೀಗೆ ಕೆಡುವುದು.

ಮೇಳಕ್ಕೆ ಹೊಸ ಮೈಕ್ ಸೆಟ್ ಬಂದ ಮೇಲೆ ಹಳೆಯದನ್ನು ಮಾರಬೇಕೆಂದು ತೀರ್ಮಾನವಾಯಿತು. ಒಂದು ಆಂಪ್ಲಿಫೈಯರ್, ಎರಡು ಸ್ಪೀಕರ್, ನಾಲ್ಕು ಮೈಕು. ಯಾರು ಮಾರುವುದು ಎಂಬ ಮಾತು ಬಂದಾಗ ಮೊದಲ ಸಾಲಿನಿಂದ ಗ್ರೀತ್ ಕೈಯೆತ್ತಿದಳು. ಗ್ರೀತಳ ನಾಲಿಗೆಗೆ ಹೆದರಿ ಮೇಳದ ಅರ್ಧ ಜನ ಎರಡನೆಯ ಸಾಲಿನಲ್ಲಿ ನಿಲ್ಲುತ್ತಾರೆ.

"ಇದರಲ್ಲಿ ಯೋಚ್ನೆ ಮಾಡೋದೇನಿದೆ? ಆಫ್ಕೆಗೆ ಕೊಡಿ. ಗುಂಡಿ ಹಾಕ್ದೋನ್ನೇ ಬಿಡ್ಲಿಲ್ಲ ಇವಳು. ಇವಳ ಕಣ್ಣು ತಪ್ಪಿಸಿ ಯಾವನು ಹೋಗ್ತಾನೆ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಆಫ್ಕೆಗೆ ಒಳಗೊಳಗೇ ಖುಷಿಯಾಯಿತು. ಅಯ್ಯೋ ಇದೇನು ಮಹಾ ಎಂಬಂತೆ ಮುಖ ಮಾಡಿ ಉಗ್ರಾಣದ ಬೀಗದಕೈ ತೆಗೆದುಕೊಂಡಳು.

ಮೂರು ದಿನ ಅವಳು ಆ ಸೆಟ್ಟನ್ನು ಒರೆಸಿದ್ದೇ ಒರೆಸಿದ್ದು. ಒಂದು ಮೈಕು ಕರಕರ ಅನ್ನುತ್ತಿತ್ತು. ಒಂದು ಸ್ಪೀಕರಿನ ಮೂಲೆ ಜಜ್ಜಿಹೋಗಿತ್ತು. ಎರಡನ್ನೂ ಮುಚ್ಚಿಡದೆ ಫೋಟೊ ತೆಗೆದಳು, ಎರಡನ್ನೂ ಬರೆದಳು. ಹಳೆ ಸಾಮಾನು ಮಾರುವ ಜಾಲತಾಣದಲ್ಲಿ ಜಾಹೀರಾತು ಹಾಕಿದಳು. ಗಂಡ ವೀಬೆ ಇಣುಕಿ ನೋಡಿ, "ಕರಕರ ಅನ್ನೋದನ್ನ ಬರೀಲೇಬೇಕಿತ್ತೇನೇ?" ಎಂದ. "ನಾನು ಮಾರೋದು ಮೈಕು. ನನ್ನ ಮಾನ ಅಲ್ಲ," ಎಂದಳು ಆಫ್ಕೆ.

ಬುಧವಾರ ಕಾಫಿಯ ಹೊತ್ತಿಗೆ ಒಂದು ಸಂದೇಶ ಬಂತು. ಬರೆದವಳ ಹೆಸರು ಸನ್ನೆ ಅಂತೆ. ತುಂಬ ಮರ್ಯಾದೆಯ ಬರವಣಿಗೆ. ಮಗನ ಶಾಲೆಯ ನಾಟಕಕ್ಕೆ ಮೈಕ್ ಸೆಟ್ ಬೇಕಾಗಿದೆ, ಹೇಳಿದ ಬೆಲೆಗೇ ಕೊಳ್ಳುತ್ತೇನೆ, ದುಡ್ಡು ಈಗಲೇ ಕಳಿಸುತ್ತೇನೆ. ಆದರೆ ಹಿಂದೊಮ್ಮೆ ಕಳ್ಳ ಮಾರಾಟಗಾರನ ಕೈಯಲ್ಲಿ ಮೋಸ ಹೋಗಿದ್ದೇನೆ. ನೀವು ನೀವೇ ಹೌದೆಂದು ನನಗೆ ಗೊತ್ತಾಗಲು ಈ ಲಿಂಕಿನಿಂದ ಒಂದೇ ಒಂದು ಸೆಂಟ್ ಕಳಿಸಿ, ತಪ್ಪು ತಿಳಿಯಬೇಡಿ.

ಆಫ್ಕೆಗೆ ತಪ್ಪು ತಿಳಿಯುವಂಥದ್ದೇನೂ ಕಾಣಲಿಲ್ಲ. ಬದಲಾಗಿ ಆ ಹೆಂಗಸಿನ ಮೇಲೆ ಗೌರವವೇ ಮೂಡಿತು. ಹುಷಾರಾಗಿದ್ದಾಳೆ, ನನ್ನ ಹಾಗೆ, ಎಂದುಕೊಂಡಳು. ಅವಳು ಕೆಟ್ಟದ್ದೇ ಈ 'ನನ್ನ ಹಾಗೆ' ಎಂಬಲ್ಲಿ. ಅಷ್ಟರಲ್ಲಿ ಹಿಸ್ಕೆಯ ಕಾಫಿ ಲಿಂಕೂ ಬಂತು. ಎಂಬತ್ತೈದು ಸೆಂಟ್ ಒತ್ತಿದಳು, ಅದರ ಬೆನ್ನಿಗೇ ಒಂದು ಸೆಂಟನ್ನೂ ಒತ್ತಿದಳು. ಅವಳ ಬ್ಯಾಂಕಿನದ್ದೇ ಎನ್ನುವಂಥ ಪುಟ ತೆರೆದುಕೊಂಡಿತು. ಅದೇ ಬಣ್ಣ, ಅದೇ ಅಕ್ಷರ. ಕಾರ್ಡಿನ ನಂಬರು ಕೇಳಿತು, ಹಾಕಿದಳು. ಮೊಬೈಲಿಗೆ ಬಂದ ಗುಪ್ತಸಂಖ್ಯೆ ಕೇಳಿತು, ಅದನ್ನೂ ಹಾಕಿದಳು. ಪಕ್ಕದಲ್ಲಿ ಗ್ರೀತ್ ಏನೋ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ಆಫ್ಕೆಯೂ ನಕ್ಕಳು.

ಮನೆ ಮುಟ್ಟುವಷ್ಟರಲ್ಲಿ ಸಾವಿರದ ಎಂಟುನೂರು ಯೂರೋ ಹೋಗಿತ್ತು. ಅದು ಅವಳೂ ವೀಬೆಯೂ ತಮ್ಮ ಮರದ ದೋಣಿಯ ಹೊಸ ಹಾಯಿಗೆಂದು ಕೂಡಿಟ್ಟ ದುಡ್ಡು. ಬ್ಯಾಂಕಿಗೆ ಫೋನು ಮಾಡಿದಳು. ಅಲ್ಲಿನ ಹುಡುಗಿ ತಕ್ಷಣ ಖಾತೆಗೆ ತಡೆ ಹಾಕಿ ಉಳಿದದ್ದನ್ನು ಉಳಿಸಿದಳು. ಹೋದದ್ದು ಬರುವುದು ಕಷ್ಟ, ಪೊಲೀಸರಿಗೆ ದೂರು ಕೊಡಿ ಎಂದಳು. ಕೊನೆಗೆ ಮೆಲ್ಲಗೆ, "ಮಾರೋರು ನೀವಲ್ವಾ ಮೇಡಂ? ಮಾರೋರು ಯಾಕೆ ದುಡ್ಡು ಕಳಿಸ್ಬೇಕು?" ಎಂದು ಕೇಳಿದಳು. ಬೈಯುವ ದನಿ ಇರಲಿಲ್ಲ ಅದರಲ್ಲಿ. ಬೈದಿದ್ದರೇ ವಾಸಿಯಿತ್ತು.

ಸೇತುವೆಯ ಮೇಲೆ ನಿಂತ ಅಷ್ಟೂ ವರ್ಷ ಅವಳು ಯಾವ ದೋಣಿಯವನಿಗೂ ಒಂದು ನಾಣ್ಯ ಕೊಟ್ಟವಳಲ್ಲ. ದಾಟುವವನು ಕೊಡಬೇಕು, ಕಾಯುವವಳು ತೆಗೆದುಕೊಳ್ಳಬೇಕು. ಇಷ್ಟು ಸರಳ ಮಾತು ತನಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ವೀಬೆ ಎಲ್ಲ ಕೇಳಿಸಿಕೊಂಡ. ಎದ್ದು ಕಾಫಿ ಮಾಡಿ, ಬಿಸ್ಕತ್ತಿನ ಡಬ್ಬಿ ತಂದು ಅವಳ ಮುಂದಿಟ್ಟ. ನಮ್ಮ ಮನೆಗಳಲ್ಲಿ ಒಂದು ಬಿಸ್ಕತ್ತು ಕೊಟ್ಟು ಮುಚ್ಚಳ ಹಾಕುವುದು ವಾಡಿಕೆ. ಆ ದಿನ ಅವನು ಮುಚ್ಚಳ ಹಾಕಲಿಲ್ಲ. ಆಫ್ಕೆಗೆ ಅಳು ಬಂದದ್ದು ಆಗಲೇ.

"ಹಾಯಿ ಹೋದ್ರೆ ಹೋಯ್ತು ಬಿಡೇ. ಹಳೇದಕ್ಕೆ ತೇಪೆ ಹಾಕೋಣ," ಎಂದ.

"ಹಾಯಿ ಅಲ್ಲಯ್ಯಾ. ಊರಿಗೆ ಗೊತ್ತಾದ್ರೆ?"

"ನನ್ನ ಬಾಯಿಂದ ಹೋಗಲ್ಲ."

ಅವನ ಬಾಯಿಂದ ಹೋಗಲಿಲ್ಲ, ನಿಜ. ಆದರೆ ಅವಳ ಮನಸ್ಸಿನಿಂದಲೂ ಹೋಗಲಿಲ್ಲ. ದುಡ್ಡಿನ ಸಂಕಟ ವಾರದಲ್ಲಿ ಇಳಿಯಿತು. ಇಳಿಯದೆ ಉಳಿದದ್ದು ಇನ್ನೊಂದು. ಈ ಊರಿನಲ್ಲಿ ಅವಳಿಗಿದ್ದ ಆಸ್ತಿಯೆಂದರೆ ಆಫ್ಕೆಯ ಕಣ್ಣು ತಪ್ಪಿಸಲಾಗದು ಎಂಬ ಒಂದು ಮಾತು. ಅದು ಹೋದರೆ ತಾನು ಯಾರು? ಬರೀ ಒಬ್ಬ ದಡ್ಡ ಮುದುಕಿ. ಜಾಹೀರಾತನ್ನು ತೆಗೆದುಹಾಕಿದಳು. ಮೇಳದಲ್ಲಿ ಕೇಳಿದವರಿಗೆ, "ಯಾರೂ ಕೇಳೋರಿಲ್ಲ ಕಣ್ರೇ, ಹಳೇದು," ಎಂದು ಹೇಳಿದಳು. ಜೀವಮಾನದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ಹೇಳುವಾಗ ಕಿವಿ ಕೆಂಪಗಾಯಿತು. ಚಳಿ ಎಂದುಕೊಂಡರು ಜನ. ಹಾಡುವಾಗಲೂ ಅವಳ ದನಿ ಎರಡನೆಯ ಸಾಲಿಗೇ ನಿಂತುಬಿಡುತ್ತಿತ್ತು.

ಹೀಗೆ ಶರತ್ಕಾಲ ಕಳೆಯಿತು. ಡಿಸೆಂಬರಿನ ಒಂದು ಬುಧವಾರ, ಕಾಫಿಯ ಹೊತ್ತಿಗೆ ಗ್ರೀತ್ ಮೊಬೈಲನ್ನು ಮೇಲೆತ್ತಿ ಹಿಡಿದಳು. ಅವಳು ತನ್ನ ಹಳೆಯ ಕ್ಯಾಮೆರಾ ಮಾರಾಟಕ್ಕಿಟ್ಟಿದ್ದಳು.

"ನೋಡ್ರೇ, ನೋಡ್ರೇ! ಜಾಹೀರಾತು ಹಾಕಿ ಒಂದು ದಿನ ಆಗಿಲ್ಲ, ಗಿರಾಕಿ ಬಂದ. ಆಫ್ಕೆ, ನಿನ್ನ ಮೈಕು ಇನ್ನೂ ಉಗ್ರಾಣದಲ್ಲಿ ನಿದ್ದೆ ಮಾಡ್ತಿದೆ. ಬಾ, ನನ್ನ ಹತ್ರ ಕಲಿ."

"ಎಷ್ಟಕ್ಕೆ ಕೇಳ್ತಿದಾನೆ?" ಎಂದಳು ಹಿಸ್ಕೆ.

"ಹೇಳಿದ ರೇಟಿಗೇ. ಚೌಕಾಸಿನೇ ಇಲ್ಲ. ಸಂಭಾವಿತ. ಮುಂಚೆ ಒಂದು ಸೆಂಟ್ ಕಳಿಸ್ಬೇಕಂತೆ, ನಾನು ನಿಜವಾದೋಳು ಅಂತ ಗೊತ್ತಾಗೋಕೆ. ಒಂದು ಸೆಂಟು! ಹಿಸ್ಕೆ, ಮೇಳದ ಖಾತೆಯಿಂದ ಕೊಡ್ತೀಯೇನೇ?"

ಎಲ್ಲರೂ ನಕ್ಕರು. ನಗುತ್ತಲೇ ಗ್ರೀತ್ ಕನ್ನಡಕ ಸರಿಮಾಡಿಕೊಂಡು ಬೆರಳನ್ನು ಗಾಜಿನ ಹತ್ತಿರ ತಂದಳು.

"ಒತ್ತಬೇಡ!"

ಅದು ಸೇತುವೆಯ ದನಿ. ಹರಾಜುಕಟ್ಟೆಯ ತಗಡಿನ ಮಾಡು ಝಲ್ಲೆಂದಿತು. ಒಬ್ಬಳ ಕೈಯಿಂದ ಚಮಚ ಜಾರಿ ಬಿತ್ತು.

ಗ್ರೀತ್ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಮ್ಮಾ ತಾಯಿ, ಪ್ರಾಣ ಹೋಯ್ತು. ಏನಾಯ್ತೇ ನಿಂಗೆ?"

"ಅದು ಮೋಸ. ಪೇಪರಲ್ಲಿ ಓದಿದೆ," ಎಂದಳು ಆಫ್ಕೆ.

"ಪೇಪರಲ್ಲಿ ಬರೋದು ದಡ್ಡರ ಕಥೆ ಕಣೇ. ನಾನು ದಡ್ಡಿನಾ? ಪಾಪ ಎಷ್ಟು ಚೆನ್ನಾಗಿ ಬರ್ದಿದಾನೆ. ಅವನಿಗೇ ಒಮ್ಮೆ ಮೋಸ ಆಗಿತ್ತಂತೆ." ಬೆರಳು ಮತ್ತೆ ಕೆಳಗಿಳಿಯಿತು.

ಆಫ್ಕೆ ಅಲ್ಲಿಗೇ ಬಿಟ್ಟಿದ್ದರೆ ಯಾರೂ ಅವಳನ್ನು ತಪ್ಪು ಎನ್ನುವಂತಿರಲಿಲ್ಲ. ಎಚ್ಚರಿಸಿದ್ದಾಗಿತ್ತು, ಕೇಳದಿದ್ದರೆ ಗ್ರೀತಳ ಹಣೆಬರಹ. ತನ್ನ ಹೆಸರು ಹಾಗೇ ನೆಟ್ಟಗೆ ನಿಂತಿರುತ್ತಿತ್ತು. ಆದರೆ ಗ್ರೀತಳ ಕ್ಯಾಮೆರಾ, ಗ್ರೀತಳ ಖಾತೆ, ಅದರಲ್ಲಿ ಅವಳ ಪಿಂಚಣಿ. ಪತ್ರಿಕೆಯ ಸುದ್ದಿಗೆ ಈ ಬೆರಳು ನಿಲ್ಲುವುದಿಲ್ಲ ಎಂದು ಆಫ್ಕೆಗೆ ಗೊತ್ತಾಯಿತು. ಏಕೆಂದರೆ ಅವಳದ್ದೂ ನಿಲ್ಲುತ್ತಿರಲಿಲ್ಲ.

"ನಾನು ಒತ್ತಿದೀನಿ," ಎಂದಳು.

ಯಾರಿಗೂ ಅರ್ಥವಾಗಲಿಲ್ಲ.

"ಸೆಪ್ಟೆಂಬರಲ್ಲಿ. ಇದೇ ಬೆಂಚ್ ಮೇಲೆ ಕೂತ್ಕೊಂಡು, ಹಿಸ್ಕೆ ಕಾಫಿ ಲಿಂಕ್ ಒತ್ತಿ, ಅದರ ಹಿಂದೆ ಅದನ್ನೂ ಒತ್ತಿದೆ. ಮೈಕು ಯಾರೂ ಕೇಳ್ಲಿಲ್ಲ ಅಂದಿದ್ದು ಸುಳ್ಳು. ಕೇಳಿದ್ರು. ಒಂದು ಸೆಂಟು ಕೇಳಿ ಸಾವಿರದ ಎಂಟುನೂರು ತಗೊಂಡು ಹೋದ್ರು. ನಮ್ಮ ಹಾಯಿ ದುಡ್ಡು."

ಗ್ರೀತ್ ಬಾಯಿಬಿಟ್ಟುಕೊಂಡು ನೋಡುತ್ತಿದ್ದಳು. ಅವಳ ನಾಲಿಗೆ ಬರಿದಾದದ್ದನ್ನು ಮೇಳ ಕಂಡದ್ದು ಅದೇ ಮೊದಲು. ಆಫ್ಕೆ ನಿಲ್ಲಿಸಲಿಲ್ಲ. ಒಮ್ಮೆ ಅಡ್ಡಗಂಬ ಎತ್ತಿದ ಮೇಲೆ ಹಿಂದಿನ ಗಾಡಿಗಳೆಲ್ಲ ಬಂದೇ ಬರುತ್ತವೆ.

"ಗ್ರೀತ್, ನೀನೇ ಹೇಳು. ನನ್ನ ಸೇತುವೆ ಕೆಳಗೆ ಎಷ್ಟು ದೋಣಿ ಹೋಗಿದಾವೆ! ನೀನು ನಿಜವಾಗ್ಲೂ ಸೇತುವೆಯವಳೇನಾ, ಮೊದ್ಲು ನೀನು ನಂಗೊಂದು ಕಾಸು ಹಾಕು ಅಂತ ಯಾವನಾದ್ರೂ ಕೇಳಿದ್ರೆ ಏನ್ಮಾಡ್ತಿದ್ದೆ ನಾನು?"

"ಜೋಡು ತಗೊಂಡು ತಲೆಗೆ ಹಾಕ್ತಿದ್ದೆ," ಎಂದಳು ಗ್ರೀತ್, ಮೆಲ್ಲಗೆ.

"ಹಾಕ್ತಿದ್ದೆ. ಅದನ್ನೇ ಮೊಬೈಲಲ್ಲಿ ಕೇಳ್ದಾಗ ಬಾಗಿ ಕೊಟ್ಟೆ."

ಗ್ರೀತ್ ಮೊಬೈಲನ್ನು ಬೋರಲು ಮಾಡಿ ಮೇಜಿನ ಮೇಲಿಟ್ಟಳು, ಕಚ್ಚುವ ನಾಯಿಯ ಹತ್ತಿರದಿಂದ ಕೈ ಹಿಂತೆಗೆಯುವವರ ಹಾಗೆ. ಆಗ ಮೇಜಿನ ಕೊನೆಯಿಂದ, ತಲೆಯೆತ್ತದೆ, ಹಿಸ್ಕೆ ಹೇಳಿದಳು:

"ನಾನೂ ಒತ್ತಿದೀನಿ."

"ಯಾರು? ನೀನಾ?" ಹತ್ತು ಬಾಯಿಗಳು ಒಟ್ಟಿಗೆ ಕೇಳಿದವು.

"ಮಾರ್ಚಲ್ಲಿ. ಮಗಳ ಹಳೇ ಲ್ಯಾಪ್‌ಟಾಪು. ದುಡ್ಡೆಲ್ಲಿ ಹೋಯ್ತು ಅಂದ ಯಜಮಾನ್ರಿಗೆ ಬಟ್ಟೆ ಒಗೆಯೋ ಮಿಷನ್ ಕೆಟ್ಟಿದೆ, ಹೊಸದಕ್ಕೆ ದುಡ್ಡು ಕಟ್ಟಿದೀನಿ ಅಂದೆ. ಅವತ್ತಿಂದ ಅವ್ರು ಕೇಳ್ತಾನೇ ಇದಾರೆ, ಮಿಷನ್ ಯಾವಾಗ ಬರತ್ತೆ, ಮಿಷನ್ ಯಾವಾಗ ಬರತ್ತೆ."

ಮೊದಲು ನಕ್ಕವಳು ಯಾರೋ ತಿಳಿಯದು. ಆಮೇಲೆ ತಡೆಯಲಾಗಲಿಲ್ಲ. ಹಿಸ್ಕೆಯೂ ಕಣ್ಣೊರೆಸಿಕೊಂಡು ನಕ್ಕಳು. ನಗು ತಣ್ಣಗಾಗುವಷ್ಟರಲ್ಲಿ ಹಿಂದಿನ ಸಾಲಿನ ಒಬ್ಬಳು ತಾನು ದುಡ್ಡು ಬಂತೆಂಬ ಸ್ಕ್ರೀನ್‌ಶಾಟ್ ನಂಬಿ ಮೊಬೈಲನ್ನು ಅಂಚೆಯಲ್ಲಿ ಕಳಿಸಿಬಿಟ್ಟದ್ದನ್ನು ಹೇಳಿದಳು. ಮೊಬೈಲೂ ಹೋಯಿತು, ದುಡ್ಡೂ ಬರಲಿಲ್ಲ. ಅದರೊಳಗಿದ್ದ ಮೊಮ್ಮಕ್ಕಳ ಫೋಟೊಗಳನ್ನೂ ಅಳಿಸಿರಲಿಲ್ಲ, ಅವೂ ಕಳ್ಳನ ಪಾಲಾದವು. ಅದನ್ನು ಹೇಳುವಾಗ ಮಾತ್ರ ಅವಳು ನಗಲಿಲ್ಲ. ಇಷ್ಟು ದಿನ ಒಂದೇ ಬೆಂಚಿನ ಮೇಲೆ ಕೂತು ಒಂದೇ ಹಾಡು ಹಾಡುತ್ತಿದ್ದವರು ಇವರು. ಮೂವರ ಹೊಟ್ಟೆಯಲ್ಲೂ ಒಂದೇ ಕಲ್ಲು, ಒಬ್ಬರದು ಒಬ್ಬರಿಗೆ ಗೊತ್ತಿರಲಿಲ್ಲ. ಕಳ್ಳರಿಗೆ ಇದಕ್ಕಿಂತ ಒಳ್ಳೆಯ ಊರು ಎಲ್ಲಿ ಸಿಗಬೇಕು!

ಆಫ್ಕೆ ಉಗ್ರಾಣದ ಬೀಗದಕೈ ತೆಗೆದು ಮೇಜಿನ ಮೇಲಿಟ್ಟಳು.

"ಇದನ್ನ ಬೇರೆ ಯಾರಿಗಾದ್ರೂ ಕೊಡಿ. ನಂಗೆ ಯೋಗ್ಯತೆ ಇಲ್ಲ."

ಗ್ರೀತ್ ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು, ಎದ್ದು ಬಂದು ಆಫ್ಕೆಯ ಕೋಟಿನ ಜೇಬಿಗೆ ತುರುಕಿದಳು. "ಹೋಗೇ, ಬಂದ್ಬಿಟ್ಲು ಯೋಗ್ಯತೆ ಹೇಳೋಕೆ. ನನ್ನ ಕ್ಯಾಮೆರಾನೂ ನೀನೇ ಮಾರಿಕೊಡು." ಹಾಗೆಂದು ಹೇಳಿ, ಮುಖ ಕಾಣಿಸಬಾರದೆಂದು ಕಾಫಿ ಪಾತ್ರೆಯ ಕಡೆ ತಿರುಗಿಕೊಂಡಳು.

ಅಂದಿನಿಂದ ಉಪ್ಪುಗಾಳಿಯ ಮಾರಾಟದ ರೀತಿಯೇ ಬೇರೆಯಾಯಿತು. ಆಫ್ಕೆ ಮತ್ತೆ ಜಾಹೀರಾತು ಹಾಕಿದಳು: ಹರಾಜುಕಟ್ಟೆಗೆ ಬುಧವಾರ ಬೆಳಿಗ್ಗೆ ಬಂದು, ಹಾಕಿ ಕೇಳಿ, ಕೊಂಡು ಹೋಗಬೇಕು, ಅಂಚೆ ಇಲ್ಲ, ಮುಂಗಡ ಇಲ್ಲ, ಲಿಂಕ್ ಇಲ್ಲ, ಕಾಫಿ ಇದೆ. ಬಂದ ಸಂದೇಶಗಳನ್ನು ಅವಳು ಕಾಫಿಯ ಹೊತ್ತಿನಲ್ಲಿ ಗಟ್ಟಿಯಾಗಿ ಓದುವಳು. ಒಬ್ಬ ಕೇಳಿದ್ದಕ್ಕಿಂತ ಹೆಚ್ಚು ಕೊಡುತ್ತೇನೆ, ಕೊರಿಯರ್ ಬರುತ್ತದೆ, ಕೊರಿಯರಿನ ವಿಮೆಯನ್ನು ಮಾತ್ರ ನೀವು ಕಟ್ಟಿ ಎಂದು ಬರೆದಿದ್ದ. "ಹೆಚ್ಚು ಯಾಕೆ ಕೊಡ್ತಾನಂತೆ, ನಮ್ಮ ಹಾಡು ಕೇಳಿಲ್ವಾ ಇವ್ನು?" ಎಂದಳು ಗ್ರೀತ್. ಇನ್ನೊಬ್ಬ, ನಿಮ್ಮ ಮೊಬೈಲಿಗೆ ಈಗೊಂದು ಸಂಖ್ಯೆ ಬರುತ್ತದೆ, ಅದನ್ನು ನನಗೆ ಹೇಳಿ ಎಂದಿದ್ದ. ಇಡೀ ಮೇಳ ಒಂದೇ ಸ್ವರದಲ್ಲಿ "ಇಲ್ಲ" ಎಂದು ಹಾಡಿತು. ಮನೆಯಲ್ಲಿ ಒಬ್ಬಳೇ ಕೂತು ಓದುವಾಗ ಸಂಭಾವಿತವಾಗಿ ಕಂಡ ಮಾತುಗಳು ಇಪ್ಪತ್ತು ಜನರ ನಡುವೆ ಓದಿದಾಗ ಬರೀ ಬೊಗಳೆಯಾಗಿ ಕಾಣುತ್ತಿದ್ದವು. ಮಾರಿಕೊಡಿ ಎಂದು ಹಳೆ ಮೊಬೈಲು, ಟ್ಯಾಬ್ ತಂದವರಿಗೆ ಆಫ್ಕೆ ಮೊದಲು ಕೇಳುವ ಪ್ರಶ್ನೆ, "ಒಳಗಿರೋದೆಲ್ಲ ಅಳಿಸಿದೀರಾ? ಸಿಮ್ ತೆಗ್ದಿದೀರಾ?" ಎಂಬುದು. ಇಲ್ಲ ಎಂದರೆ ಮುಟ್ಟುತ್ತಲೇ ಇರಲಿಲ್ಲ. ಗ್ರೀತಳ ಕ್ಯಾಮೆರಾ ಮಾರಾಟವಾಯಿತು. ಹಿಸ್ಕೆ ಗಂಡನಿಗೆ ನಿಜ ಹೇಳಿ ಬಂದಳು; ಒಂದು ದಿನ ಮಾತು ಬಿಟ್ಟನಂತೆ, ಮರುದಿನ ಮಿಷನ್ನಿನ ಮಾತೂ ಬಿಟ್ಟನಂತೆ.

ಮೈಕ್ ಸೆಟ್ಟಿಗೆ ಗಿರಾಕಿ ಬಂದದ್ದು ಜನವರಿಯಲ್ಲಿ. ಕಿಮ್ಸ್ವೆರ್ಡ್ ಹಳ್ಳಿಯ ಸ್ಕೇಟಿಂಗ್ ಸಂಘದ ಡೂವೆ. ಕೊರೆಯುವ ಚಳಿ ಬಿದ್ದಿತ್ತು, ಗದ್ದೆಗೆ ನೀರು ಬಿಟ್ಟು ಹಿಮಗಟ್ಟಿಸಿದ್ದರು, ಪಂದ್ಯದ ದಿನ ಹೆಸರು ಕೂಗಲು ಮೈಕು ಬೇಕಿತ್ತು. ಎತ್ತರದ ಆಳು, ಅವಸರದ ಆಳು. ಎಲ್ಲ ಹಾಕಿ ನೋಡಿದ. ಕರಕರ ಅನ್ನುವ ಮೈಕನ್ನು ಕರಕರ ಅನ್ನುತ್ತದೆ ಎಂದೇ ಹೇಳಿ ಕೊಟ್ಟದ್ದಕ್ಕೆ ತಲೆದೂಗಿದ. ಮೊಬೈಲಿನಲ್ಲಿ ದುಡ್ಡು ಕಳಿಸಿ, ಅದರ ಮುಖ ಆಫ್ಕೆಯ ಕಡೆ ತಿರುಗಿಸಿ ಹಿಡಿದ.

"ಹೋಯ್ತು ನೋಡಿ. ಎತ್ಕೊಳ್ಳಾ?"

"ನಿಮ್ಮ ಮೊಬೈಲಲ್ಲಿ ಹೋಗಿದೆ. ನಮ್ಮ ಖಾತೆಗೆ ಬರ್ಲಿ," ಎಂದಳು ಆಫ್ಕೆ. ತನ್ನ ಮೊಬೈಲು ತೆಗೆದು, ತಾನೇ ಬ್ಯಾಂಕಿನ ಆ್ಯಪ್ ತೆರೆದು ಕೂತಳು. ಹರಾಜುಕಟ್ಟೆಯ ದಪ್ಪ ಗೋಡೆಗಳಿಗೆ ಸಿಗ್ನಲ್ಲು ಎಂದೂ ಒಗ್ಗಿದ್ದಲ್ಲ. ಚಕ್ರ ತಿರುಗುತ್ತಲೇ ಇತ್ತು.

ಡೂವೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. "ಏನಮ್ಮಾ ಇದು, ಪಕ್ಕದ ಹಳ್ಳಿಯವನು ನಾನು. ನಮ್ಮಲ್ಲಿ ಒಬ್ಬರನ್ನೊಬ್ರು ನಂಬ್ತೀವಿ."

"ನಮ್ಮಲ್ಲೂ ನಂಬ್ತೀವಿ. ಕೂತ್ಕೊಳ್ಳಿ, ಕಾಫಿ ತಗೊಳ್ಳಿ."

"ಯಾರ್ರೀ ಇವರು, ಇಷ್ಟೊಂದು ಬಿಗಿ?" ಎಂದು ಅವನು ಸಿಟ್ಟಿನಿಂದ ಉಳಿದವರನ್ನು ಕೇಳಿದ.

ಗ್ರೀತ್ ಲೋಟ ಕೆಳಗಿಟ್ಟಳು. ಮೊದಲ ಸಾಲಿನಲ್ಲಿ ನಿಂತು ಹಾಡುವಾಗ ಎತ್ತುವಂತೆ ಗದ್ದ ಎತ್ತಿದಳು. "ಇವರು ಆಫ್ಕೆ. ಒಂದು ಸೆಂಟ್ ಲಿಂಕ್ ಒತ್ತಿ ದುಡ್ಡು ಕಳ್ಕೊಂಡೋರು. ಕಳ್ಕೊಂಡು ಬಾಯಿ ಮುಚ್ಕೊಂಡಿರದೆ, ನನ್ನ ಬೆರಳು ನಿಲ್ಸೋಕೆ ಇಷ್ಟು ಜನರ ಮುಂದೆ ಎದ್ದು ಹೇಳಿದೋರು. ಅದಕ್ಕೇ ನಮ್ಮ ಮೇಳದ ಸಾಮಾನು ಇವರೇ ಮಾರೋದು. ಇನ್ನೇನಾದ್ರೂ ತಿಳ್ಕೋಬೇಕಿತ್ತಾ?"

ಆಫ್ಕೆ ತಲೆಯೆತ್ತಲಿಲ್ಲ. ತಿರುಗುವ ಚಕ್ರವನ್ನೇ ನೋಡುತ್ತಿದ್ದಳು, ಆದರೆ ಅದು ಅವಳ ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಸೇತುವೆ ಬಿಡುವ ದಿನ ಊರಿನವರು ಹೂವು ಕೊಟ್ಟಿದ್ದರು, ಭಾಷಣ ಮಾಡಿದ್ದರು, ಗುಂಡಿಯ ಕಥೆ ಹೇಳಿ ನಕ್ಕಿದ್ದರು. ಆ ದಿನವೂ ಅವಳ ಎದೆ ಇಷ್ಟು ತುಂಬಿರಲಿಲ್ಲ.

ದುಡ್ಡು ಬಂತು. "ಬಂತು. ಎತ್ಕೊಳ್ಳಿ," ಎಂದಳು.

ಡೂವೆ ಎತ್ತಿಕೊಳ್ಳಲಿಲ್ಲ. ಅವಸರವೆಲ್ಲ ಇಳಿದುಹೋದಂತೆ ಬೆಂಚಿನ ಮೇಲೆ ಕೂತ. ಟೋಪಿಯನ್ನು ಕೈಯಲ್ಲಿ ಹಿಂಡುತ್ತ, "ನಮ್ಮಮ್ಮನೂ ಒತ್ತಿದಾಳೆ," ಎಂದ. "ಹಳೇ ಟ್ಯಾಬು ಮಾರೋಕೆ ಹೋಗಿ. ಆವತ್ತಿಂದ ಬಾಗಿಲಾಚೆ ಬಂದಿಲ್ಲ. ಇಸ್ಪೀಟಿಗೆ ಬರಲ್ಲ, ಚರ್ಚಿಗೆ ಬರಲ್ಲ. ಹಗಲು ಹೊತ್ತಲ್ಲೂ ಕಿಟಕಿಗೆ ಪರದೆ ಎಳ್ಕೊಂಡು ಕೂತಿರ್ತಾಳೆ. ನಾನು ಎಷ್ಟು ಹೇಳಿದ್ರೂ ಕೇಳಲ್ಲ."

ಹಗಲಲ್ಲಿ ಪರದೆ ಎಂದ ಕೂಡಲೇ ಎಲ್ಲರ ಮುಖವೂ ಚಿಕ್ಕದಾಯಿತು. ನಮ್ಮ ಕಡೆ ಸಾವಾದ ಮನೆಗೆ ಮಾತ್ರ ಹಾಗೆ ಪರದೆ ಎಳೆಯುತ್ತಾರೆ.

ಆಫ್ಕೆ ಎದ್ದು ಕೋಟು ಹಾಕಿಕೊಂಡಳು. "ವ್ಯಾನಲ್ಲಿ ನಂಗೆ ಜಾಗ ಇದೆಯಾ?"

"ಸ್ಪೀಕರ್ ಪಕ್ಕದಲ್ಲಿ ಕೂರಬೇಕಾಗತ್ತೆ."

"ಅವು ನಂಗೆ ಪರಿಚಯದವೇ," ಎಂದಳು.

ಕಿಮ್ಸ್ವೆರ್ಡಿನ ಬೀದಿಯಲ್ಲಿ ಎಲ್ಲ ಮನೆಗಳ ಕಿಟಕಿಗಳೂ ತೆರೆದಿದ್ದವು, ಒಳಗಿನ ಹೂಕುಂಡ, ದೀಪ ಎಲ್ಲ ಕಾಣುತ್ತಿತ್ತು. ಒಂದು ಮನೆಯದು ಮಾತ್ರ ಮುಚ್ಚಿತ್ತು. ಡೂವೆ ಬೀಗ ತೆಗೆಯಲು ಹೋದಾಗ ಆಫ್ಕೆ ಅವನನ್ನು ತಡೆದು ತಾನೇ ಬಾಗಿಲು ಬಡಿದಳು.

"ಯಾರು?" ಒಳಗಿಂದ ಸಣ್ಣ ದನಿ.

"ನಾನು ಆಫ್ಕೆ. ಹಾರ್ಲಿಂಗೆನ್ ಸೇತುವೆಯವಳು."

"ಏನು ಬೇಕಿತ್ತು?"

"ಏನೂ ಬೇಡ. ನಾನೂ ಒತ್ತಿದೀನಿ. ನಂದು ಸಾವಿರದ ಎಂಟುನೂರು ಹೋಯ್ತು. ನಿಮ್ಮದೆಷ್ಟು?"

ಡೂವೆ ಏನೋ ಹೇಳಲು ಬಾಯಿ ತೆರೆದ; ಆಫ್ಕೆ ಕಣ್ಣಲ್ಲೇ ಗದರಿದಳು. ಆಮೇಲೆ ಬಾಗಿಲಿಗೆ ತೀರ ಹತ್ತಿರದಿಂದ ದನಿ ಬಂತು.

"ನಂದು ಅಷ್ಟಿಲ್ಲ. ಒಂಬೈನೂರು."

"ಹಾಗಾದ್ರೆ ನಾನೇ ದೊಡ್ಡ ದಡ್ಡಿ," ಎಂದಳು ಆಫ್ಕೆ. "ತೆಗೀರಿ ತಾಯಿ, ಹೊರಗೆ ಚಳಿ."

ಒಳಗೆ ಚಿಲಕ ಸರಿಯಿತು.